ಪವರ್ ಜಾಸ್ತಿ ಇರುವ ಇಂಜೆಕ್ಷನ್ನಿಗೂ ಜಗ್ಗದ ಎಂಆರ್‌ಎಸ್‌ಎ

ಆಪರೇಷನ್ ಆಗಿ ವಾರವಾಗಿದೆ. ಹೊಲಿಗೆ ಹಾಕಿದ ಜಾಗ ಕೆಂಪಾಗಿ ಊದಿಕೊಂಡು ಕೀವು ಬರುತ್ತಿದೆ. ಆ ಕೀವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸುತ್ತಾರೆ. ಎರಡು ಮೂರು ದಿನಕ್ಕೆ ಲ್ಯಾಬಿನಿಂದ ಒಂದು ಹಾಳೆ ಬರುತ್ತದೆ. ಅದರಲ್ಲಿ ಔಷಧಿಗಳ ಉದ್ದ ಪಟ್ಟಿ, ಪ್ರತಿಯೊಂದರ ಮುಂದೆ ‘ಎಸ್’ ಅಥವಾ ‘ಆರ್’. ಎಸ್ ಎಂದರೆ ಸೆನ್ಸಿಟಿವ್, ಆ ಔಷಧಿ ಕೆಲಸ ಮಾಡುತ್ತದೆ. ಆರ್ ಎಂದರೆ ರೆಸಿಸ್ಟೆಂಟ್, ಕೊಟ್ಟರೂ ದಂಡ. ಮೇಲ್ಗಡೆ ‘ಎಂಆರ್‌ಎಸ್‌ಎ’ ಅಂತ, ಅಂದರೆ ಹಲವು ಔಷಧಿಗಳಿಗೆ ಬಗ್ಗದ ಒಂದು ಬ್ಯಾಕ್ಟೀರಿಯಾದ ಹೆಸರು, ಬರೆದಿದ್ದರೆ ಪಟ್ಟಿಯ ತುಂಬ ಆರ್‌ಗಳದೇ ಸಾಲು.

ಇಂಥ ಹಾಳೆ ಕೈಗೆ ಬಂದಾಗ ಮನೆಯವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, ‘ಇವರ ಮೈಗೆ ಆಂಟಿಬಯಾಟಿಕ್ ಒಗ್ಗಿಹೋಗಿದೆ.’ ಇನ್ನೊಂದು, ‘ಇದಕ್ಕಿಂತ ಪವರ್ ಇರೋದು ಕೊಡಿ ಡಾಕ್ಟ್ರೇ.’

ಮೊದಲನೆಯದು ತಪ್ಪು. ಔಷಧಿಗೆ ಬಗ್ಗದಿರುವುದು ಬ್ಯಾಕ್ಟೀರಿಯಾ, ರೋಗಿಯ ದೇಹಕ್ಕೂ ಅದಕ್ಕೂ ಸಂಬಂಧವಿಲ್ಲ. ಜೀವಮಾನದಲ್ಲಿ ಒಂದೇ ಒಂದು ಆಂಟಿಬಯಾಟಿಕ್ ಮುಟ್ಟದವರಿಗೂ ಎಂಆರ್‌ಎಸ್‌ಎ ಅಂಟಬಹುದು. ಎರಡನೆಯದು ಇನ್ನೂ ದೊಡ್ಡ ತಪ್ಪು, ಯಾಕೆಂದರೆ ಆಂಟಿಬಯಾಟಿಕ್‌ಗಳನ್ನು ಪವರ್ ಮೇಲೆ ಅಳೆಯಲು ಬರುವುದಿಲ್ಲ. ಐಸಿಯುಗಳಲ್ಲಿ ಕೊಡುವ ಮೆರೊಪೆನೆಮ್ ಎಷ್ಟೊಂದು ಜಾತಿಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಬೆಲೆಯೂ ಜೋರು. ಎಂಆರ್‌ಎಸ್‌ಎ ಮುಂದೆ ಅದರ ಆಟ ನಡೆಯುವುದಿಲ್ಲ. ಅದೇ ಬ್ಯಾಕ್ಟೀರಿಯಾ ಚರ್ಮದ ಮೇಲೆ ಎಬ್ಬಿಸಿದ ಕುರುವಿಗೆ ಎಷ್ಟೋ ಸಲ ಹಳೆಯ, ಅಗ್ಗದ ಡಾಕ್ಸಿಸೈಕ್ಲಿನ್ ಗುಳಿಗೆ ಸಾಕಾಗುತ್ತದೆ. ಕೆಲವೊಮ್ಮೆ ಕುರು ಕುಯ್ದು ಕೀವು ತೆಗೆದರೇ ಮುಗಿಯಿತು. ಇದು ಯಾಕೆ ಹೀಗೆ ಅಂತ ಗೊತ್ತಾಗಬೇಕಾದರೆ ಆ ಜೀವಿ ಬದುಕುವ ರೀತಿ ನೋಡಬೇಕು.

ಮೂಗಿನೊಳಗಿನ ಬಾಡಿಗೆದಾರ

1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಅಲೆಕ್ಸಾಂಡರ್ ಆಗ್ಸ್ಟನ್ ಎಂಬ ಸರ್ಜನ್ ಇದ್ದರು. ಕುರುಗಳಿಂದ ತೆಗೆದ ಕೀವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿದಾಗ ಅವರಿಗೆ ಗುಂಡು ಗುಂಡಾದ ಜೀವಿಗಳು ದ್ರಾಕ್ಷಿ ಗೊಂಚಲಿನ ಹಾಗೆ ಒತ್ತಾಗಿ ಕಂಡವು. ಕೀವಿಗೆ ಅವೇ ಕಾರಣ ಎಂದು ಅವರು ತೋರಿಸಿದರು. ಅವಕ್ಕೆ ಸ್ಟಫೈಲೋಕಾಕಸ್ ಎಂಬ ಹೆಸರು ಕೊಟ್ಟವರೂ ಅವರೇ. ಈ ಕುಲದಲ್ಲಿ ಹಲವು ಜಾತಿಗಳಿವೆ. ಆಸ್ಪತ್ರೆಯವರ ನಿದ್ದೆ ಕೆಡಿಸಿದ್ದು ಹೆಚ್ಚಾಗಿ ಸ್ಟಫೈಲೋಕಾಕಸ್ ಆರಿಯಸ್. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದರೆ ಬಂಗಾರದ ಬಣ್ಣಕ್ಕೆ ತಿರುಗುವ ಜಾತಿ ಇದು. ಒಂದೊಂದು ಜೀವಿಯೂ ಸುಮಾರು ಒಂದು ಮೈಕ್ರೋಮೀಟರ್ ಅಗಲ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

ಇದು ಎಲ್ಲಿಂದಲೋ ಬರುವ ಭೂತವಲ್ಲ. ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರ ಮೂಗಿನ ಹೊಳ್ಳೆಯೊಳಗೆ ಇದು ಸುಮ್ನೆ ಕೂತಿರುತ್ತದೆ. ಕಂಕುಳು, ತೊಡೆಸಂದು, ಗಂಟಲಲ್ಲೂ ಸಿಗುತ್ತದೆ. ಚರ್ಮ ಗಟ್ಟಿಯಾಗಿರುವವರೆಗೆ ಯಾರಿಗೂ ತೊಂದರೆಯಿಲ್ಲ. ಆದರೆ ಚರ್ಮದಲ್ಲಿ ದಾರಿ ಸಿಕ್ಕಿತೋ, ಕಥೆ ಬೇರೆ. ಕುರು, ಗಾಯದ ಕೀವು, ಮೂಳೆಯ ಸೋಂಕು, ನ್ಯುಮೋನಿಯಾ, ಹೃದಯದ ಕವಾಟದ ಸೋಂಕು, ರಕ್ತಕ್ಕೇ ಇಳಿದರೆ ಸೆಪ್ಸಿಸ್.

ಆಸ್ಪತ್ರೆಯಲ್ಲಿ ಅಂಥ ದಾರಿಗಳಿಗೆ ಬರವೇ? ಡ್ರಿಪ್ ಹಾಕಿದ ಸೂಜಿ, ಕತ್ತಿನ ರಕ್ತನಾಳಕ್ಕೆ ಇಳಿಸಿದ ಕ್ಯಾಥೆಟರ್, ಡಯಾಲಿಸಿಸ್ ಕೊಳವೆ, ವೆಂಟಿಲೇಟರ್ ಪೈಪು, ಆಪರೇಷನ್ ಗಾಯ, ಸುಟ್ಟ ಮೈ. ಅದರ ಮೇಲೆ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳು. ಜೊತೆಗೆ ವಾರ್ಡಿನ ಅರ್ಧಕ್ಕರ್ಧ ಜನರ ಮೈಯಲ್ಲಿ ಯಾವುದಾದರೊಂದು ಆಂಟಿಬಯಾಟಿಕ್ ಹರಿದಾಡುತ್ತಿರುತ್ತದೆ. ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾ ಸತ್ತು, ಬಗ್ಗದ್ದಕ್ಕೆ ಜಾಗ ಬಿಟ್ಟುಕೊಡಲು ಇದಕ್ಕಿಂತ ಅನುಕೂಲದ ಜಾಗ ಹುಡುಕಿದರೂ ಸಿಗದು.

ತಟ್ಟಿ ಕಟ್ಟುವವನ ಕೈ

ಬ್ಯಾಕ್ಟೀರಿಯಾದ ಸುತ್ತ ಒಂದು ಗಟ್ಟಿ ಗೋಡೆ ಇದೆ. ಒಳಗಿನ ಒತ್ತಡ ಸುಮಾರು 20 ವಾತಾವರಣದಷ್ಟು. ಗೋಡೆ ಎಲ್ಲಾದರೂ ಸಡಿಲವಾದರೆ ಜೀವಿ ಒಡೆದು ಹೋಗುತ್ತದೆ. ಈ ಗೋಡೆ ಬಿದಿರಿನ ತಟ್ಟಿಯ ಥರ. ಸಕ್ಕರೆ ಅಣುಗಳ ಉದ್ದ ಸರಗಳು ಬಿದಿರ ಸೀಳುಗಳು. ಅವುಗಳ ನಡುವೆ ಅಮೈನೋ ಆಮ್ಲಗಳ ಗಿಡ್ಡ ಎಳೆಗಳಿಂದ ಅಡ್ಡಕಟ್ಟು. ಆ ಗಂಟು ಹಾಕುವ ಕೆಲಸ ಕೆಲವು ಪ್ರೋಟೀನ್‌ಗಳದ್ದು. ಜೀವಿ ಬೆಳೆದು ಎರಡಾಗುವಾಗಲೆಲ್ಲ ಹಳೆ ಗಂಟು ಬಿಚ್ಚಿ ಹೊಸ ಗಂಟು ಹಾಕುತ್ತಲೇ ಇರಬೇಕು.

ಪೆನಿಸಿಲಿನ್ ಏನು ಮಾಡುತ್ತದೆ ಗೊತ್ತಾ? ಅದರ ಆಕಾರ ಆ ಎಳೆಯ ತುದಿಯ ಹಾಗೇ ಇದೆ. ಗಂಟು ಹಾಕುವವನು ಎಳೆ ಅಂದುಕೊಂಡು ಅದನ್ನು ಹಿಡಿಯುತ್ತಾನೆ. ಹಿಡಿದ ಮೇಲೆ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಕಟ್ಟು ನಿಲ್ಲುತ್ತದೆ, ಬಿಚ್ಚುವ ಕೆಲಸ ಮಾತ್ರ ನಡೆದೇ ಇರುತ್ತದೆ. ಗೋಡೆ ಬಾಯಿಬಿಟ್ಟು ಜೀವಿ ಸಾಯುತ್ತದೆ. ನಮ್ಮ ಜೀವಕೋಶಗಳಿಗೆ ಇಂಥ ಗೋಡೆಯೇ ಇಲ್ಲ. ಹಾಗಾಗಿ ಪೆನಿಸಿಲಿನ್, ಅಲರ್ಜಿ ಇಲ್ಲದವರ ಮಟ್ಟಿಗೆ, ಅಷ್ಟು ಸುರಕ್ಷಿತ.

1928ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ರಜೆ ಮುಗಿಸಿ ಬಂದಾಗ ಬೂಸ್ಟು ಬಿದ್ದಿದ್ದ ತಟ್ಟೆಯಲ್ಲಿ ಬೆಳೆಸಿದ್ದು ಇದೇ ಸ್ಟಫೈಲೋಕಾಕಸ್ಸನ್ನು. ಬೂಸ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿಹೋಗಿತ್ತು. ಬೂಸ್ಟು ಬಿಟ್ಟ ರಸವೇ ಪೆನಿಸಿಲಿನ್. ಅದನ್ನು ಔಷಧಿಯಾಗಿ ಮಾಡಿದ್ದು ಆಕ್ಸ್‌ಫರ್ಡಿನಲ್ಲಿ ಹೊವರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್, ನಾರ್ಮನ್ ಹೀಟ್ಲಿ ಇದ್ದ ತಂಡ. 1941ರ ಫೆಬ್ರವರಿ 12ರಂದು ಅವರು ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಕಾನ್‌ಸ್ಟೆಬಲ್‌ಗೆ ಪೆನಿಸಿಲಿನ್ ಕೊಡಲು ಶುರುಮಾಡಿದರು. ಸೋಂಕಿನಿಂದ ಅವರ ಒಂದು ಕಣ್ಣು ಆಗಲೇ ಹೋಗಿತ್ತು. ಒಂದೇ ದಿನದಲ್ಲಿ ಜ್ವರ ಇಳಿಯತೊಡಗಿತು. ಔಷಧಿ ಎಷ್ಟು ಕಡಿಮೆ ಇತ್ತೆಂದರೆ, ಅವರ ಮೂತ್ರದಿಂದ ಪೆನಿಸಿಲಿನ್ ಬಸಿದು ತೆಗೆದು ಮತ್ತೆ ಅವರಿಗೇ ಚುಚ್ಚಿದರು. ಅದೂ ಮುಗಿಯಿತು. ಸೋಂಕು ತಿರುಗಿ ಬಂತು. ಮಾರ್ಚ್ 15ರಂದು ಅವರು ತೀರಿಕೊಂಡರು. ಅಂದು ಸೋತಿದ್ದು ದಾಸ್ತಾನು, ಔಷಧಿಯಲ್ಲ.

ಔಷಧಿಯೂ ಸೋಲುವ ಕಾಲ ಬಹಳ ದೂರ ಇರಲಿಲ್ಲ.

1940ರಲ್ಲೇ, ಅಂದರೆ ಪೆನಿಸಿಲಿನ್ ರೋಗಿಗಳ ಮೈ ಸೇರುವ ಮುಂಚೆಯೇ, ಚೈನ್ ಮತ್ತು ಎಡ್ವರ್ಡ್ ಅಬ್ರಹಾಂ ಬೇರೊಂದು ಬ್ಯಾಕ್ಟೀರಿಯಾದಲ್ಲಿ ಪೆನಿಸಿಲಿನ್ನನ್ನು ಕತ್ತರಿಸಿ ಹಾಕುವ ಕಿಣ್ವ ಇರುವುದನ್ನು ಕಂಡಿದ್ದರು. ಅದೇ ಪೆನಿಸಿಲಿನೇಸ್. ಸ್ಟಫೈಲೋಕಾಕಸ್‌ನ ಕೆಲವು ತಳಿಗಳಲ್ಲೂ ಅದು ಇದೆ ಎಂದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. ಆಮೇಲೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಮೇರಿ ಬಾರ್ಬರ್ ಕೂತು ಲೆಕ್ಕ ಹಾಕಿದರು. ಅವರ ಆಸ್ಪತ್ರೆಯ ರೋಗಿಗಳಲ್ಲಿ ಸಿಕ್ಕ ಸ್ಟಫೈಲೋಕಾಕಸ್‌ನಲ್ಲಿ ಪೆನಿಸಿಲಿನ್‌ಗೆ ಬಗ್ಗದ್ದು 1946ರಲ್ಲಿ ಸುಮಾರು ಶೇ. 14. ಮರುವರ್ಷ ಶೇ. 38. ಅದರ ಮರುವರ್ಷ ಶೇ. 59.

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಬ್ಯಾಕ್ಟೀರಿಯಾ ಪೆನಿಸಿಲಿನ್ ನೋಡಿ ನೋಡಿ ಪಾಠ ಕಲಿತವು’ ಅಂತ ಎಷ್ಟೋ ಕಡೆ ಬರೆಯುತ್ತಾರೆ. ಕಲಿಯುವುದು ಗಿಲಿಯುವುದು ಏನೂ ಇಲ್ಲ. ಕಿಣ್ವ ಇದ್ದ ತಳಿ ಮೊದಲೇ ಇತ್ತು, ಕಡಿಮೆ ಇತ್ತು ಅಷ್ಟೇ. ಪೆನಿಸಿಲಿನ್ ಕಿಣ್ವ ಇಲ್ಲದವುಗಳನ್ನು ಗುಡಿಸಿ ಹಾಕಿತು. ಉಳಿದದ್ದು ಮಂಚದಿಂದ ಮಂಚಕ್ಕೆ ಹರಡಿತು. ಬಾರ್ಬರ್ ಒತ್ತಿ ಹೇಳಿದ್ದು ಈ ಹರಡುವಿಕೆಯನ್ನೇ. ಎರಡೇ ವರ್ಷದಲ್ಲಿ 14 ಹೋಗಿ 59 ಆಗಿದ್ದು ಒಬ್ಬೊಬ್ಬ ರೋಗಿಯ ಮೈಯಲ್ಲಿ ಹೊಸದಾಗಿ ಪ್ರತಿರೋಧ ಹುಟ್ಟಿದ್ದರಿಂದ ಅಲ್ಲ. ಬಗ್ಗದ ತಳಿ ಆಸ್ಪತ್ರೆಯೊಳಗೆ ಕೈದಾಟಿ ಹೋಗಿದ್ದರಿಂದ.

1953ರಲ್ಲಿ ಆಸ್ಟ್ರೇಲಿಯಾದಲ್ಲಿ 80/81 ಎಂಬ ತಳಿ ಇದನ್ನೇ ದೊಡ್ಡದಾಗಿ ಮಾಡಿ ತೋರಿಸಿತು. ಹೆರಿಗೆ ವಾರ್ಡುಗಳಲ್ಲಿ ಕೂಸುಗಳಿಗೆ ಚರ್ಮದ ಸೋಂಕು, ಬಾಣಂತಿಯರಿಗೆ ಮೊಲೆಯಲ್ಲಿ ಕುರು. ಕೆಲವೇ ವರ್ಷಗಳಲ್ಲಿ ಅದು ಅಮೆರಿಕ, ಕೆನಡಾ, ಬ್ರಿಟನ್ ಆಸ್ಪತ್ರೆಗಳಿಗೂ ಮುಟ್ಟಿತು.

1960ರ ಎರಡು ಸುದ್ದಿ

ನನಗೆ ಈ ಇಡೀ ಕಥೆಯಲ್ಲಿ ಬಹಳ ಕುತೂಹಲದ್ದು ಅನ್ನಿಸುವುದು 1960. ಆ ವರ್ಷ ಮೇರಿ ಬಾರ್ಬರ್ ಮತ್ತು ಜೊತೆಯವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ವರದಿ ಬರೆದರು. ಹ್ಯಾಮರ್‌ಸ್ಮಿತ್‌ನಲ್ಲಿ ಅವರು ಪೆನಿಸಿಲಿನ್ ಬಳಕೆಗೆ ಕಡಿವಾಣ ಹಾಕಿದ್ದರು. ಆಂಟಿಬಯಾಟಿಕ್‌ಗಳನ್ನು ಒಂಟಿಯಾಗಿ ಕೊಡದೆ ಜೋಡಿಯಾಗಿ ಕೊಟ್ಟರು. ಒಬ್ಬರಿಂದ ಒಬ್ಬರಿಗೆ ಅಂಟುವುದನ್ನು ತಡೆಯಲು ಕ್ರಮ ತೆಗೆದುಕೊಂಡರು. ಫಲಿತಾಂಶ? ಪೆನಿಸಿಲಿನ್‌ಗೆ ಬಗ್ಗದ ಸ್ಟಫೈಲೋಕಾಕಸ್‌ನ ಪಾಲು ಇಳಿಯಿತು. ಹೊಸ ಔಷಧಿ ಇಲ್ಲದೆ, ಇದ್ದ ಔಷಧಿ ಮತ್ತು ಕಟ್ಟುನಿಟ್ಟಿನ ನಡವಳಿಕೆಯಿಂದ.

ಅದೇ ಹೊತ್ತಿಗೆ ಬೀಚಮ್ ಕಂಪನಿಯ ಮೆಥಿಸಿಲಿನ್, ಸೆಲ್ಬೆನಿನ್ ಎಂಬ ಹೆಸರಲ್ಲಿ, ಆಸ್ಪತ್ರೆಗಳಿಗೆ ಬಂತು. ಇದು ಪೆನಿಸಿಲಿನ್‌ನ ಮೂಲ ಅಣುವಿಗೆ ದಪ್ಪನೆಯ ಬಾಲ ಜೋಡಿಸಿ ಮಾಡಿದ್ದು. ಆ ಬಾಲ ಅಡ್ಡ ಬಂದು ಕಿಣ್ವಕ್ಕೆ ಕತ್ತರಿಸಲು ಆಗುತ್ತಿರಲಿಲ್ಲ. ಆಸ್ಪತ್ರೆಗಳಿಗೆ ಯಾವುದು ಸುಲಭ? ನೂರಾರು ಡಾಕ್ಟರು, ನರ್ಸುಗಳ ಅಭ್ಯಾಸ ಬದಲಿಸುವುದೋ, ಹೊಸ ಬಾಟಲಿ ತರಿಸುವುದೋ? ಬಾಟಲಿ ಗೆದ್ದಿತು. ಬಾರ್ಬರ್ ದಾರಿ ಪಕ್ಕಕ್ಕೆ ಸರಿಯಿತು.

1961ರ ಆರಂಭದಲ್ಲೇ ಲಂಡನ್ನಿನ ಕಾಲಿಂಡೇಲ್ ಲ್ಯಾಬಿನ ಪೆಟ್ರೀಷಿಯಾ ಜೆವನ್ಸ್ ಒಂದು ಪುಟ್ಟ ಪತ್ರ ಪ್ರಕಟಿಸಿದರು. ಐದು ಸಾವಿರಕ್ಕೂ ಜಾಸ್ತಿ ಮಾದರಿ ಪರೀಕ್ಷಿಸಿದ್ದರಲ್ಲಿ ಮೆಥಿಸಿಲಿನ್‌ಗೆ ಬಗ್ಗದ 3 ಸಿಕ್ಕಿದ್ದವು. ಮೂರೂ ಒಂದೇ ಆಸ್ಪತ್ರೆಯವು. ಮೆಥಿಸಿಲಿನ್ ರೆಸಿಸ್ಟೆಂಟ್ ಸ್ಟಫೈಲೋಕಾಕಸ್ ಆರಿಯಸ್, ಚಿಕ್ಕದಾಗಿ ಎಂಆರ್‌ಎಸ್‌ಎ, ಹೀಗೆ ದಾಖಲಾಯಿತು.

ಈ ಸಲದ ಪಟ್ಟು ಬೇರೆ. ಔಷಧಿಯನ್ನು ಕತ್ತರಿಸುವ ಗೊಡವೆಯೇ ಇಲ್ಲ. ಮೆಕ್‌ಎ ಎಂಬ ಜೀನ್ ಇದ್ದ ಬ್ಯಾಕ್ಟೀರಿಯಾ ತಟ್ಟಿ ಕಟ್ಟಲು ಇನ್ನೊಬ್ಬ ಆಳನ್ನು ಇಟ್ಟುಕೊಂಡಿರುತ್ತದೆ. ಅವನ ಕೈ ಮುಷ್ಟಿ ಕಟ್ಟಿದಂತೆ ಮುಚ್ಚಿಕೊಂಡಿರುತ್ತದೆ. ಪೆನಿಸಿಲಿನ್ ಜಾತಿಯ ಯಾವ ಅಣು ಬಂದರೂ ಒಳಗೆ ತೂರಲು ಸುಲಭವಾಗುವುದಿಲ್ಲ. ಉಳಿದ ಆಳುಗಳೆಲ್ಲ ಕೈಕಟ್ಟಿ ಕೂತರೂ ಇವನೊಬ್ಬ ಗಂಟು ಹಾಕುತ್ತಾ ಹೋಗುತ್ತಾನೆ. ಪುಸ್ತಕದ ಭಾಷೆಯಲ್ಲಿ ಅವನ ಹೆಸರು ಪಿಬಿಪಿ2ಎ.

ಹಾಗಾಗಿ ಸೋಲುವುದು ಮೆಥಿಸಿಲಿನ್ ಒಂದೇ ಅಲ್ಲ. ಅದೇ ಕೈಯನ್ನು ಹಿಡಿಯಲು ಹೋಗುವ ಇಡೀ ವಂಶ ಸೋಲುತ್ತದೆ: ಅಮಾಕ್ಸಿಸಿಲಿನ್, ಕ್ಲಾವುಲನೇಟ್ ಸೇರಿಸಿದ ಅಮಾಕ್ಸಿಸಿಲಿನ್, ಕ್ಲಾಕ್ಸಸಿಲಿನ್, ಸೆಫಲೆಕ್ಸಿನ್, ಸೆಫಿಕ್ಸಿಮ್, ಸೆಫ್‌ಟ್ರಯಾಕ್ಸೋನ್, ಪಿಪರಾಸಿಲಿನ್, ಮೊದಲು ಹೇಳಿದ ಮೆರೊಪೆನೆಮ್. ಒಂದೇ ಜೀನ್‌ಗೆ ಇಷ್ಟೊಂದು ಆರ್. ಡೋಸ್ ಜಾಸ್ತಿ ಮಾಡಿದರೂ ಅಷ್ಟೇ, ಬೆಲೆ ಜಾಸ್ತಿ ಇರೋದು ತಂದರೂ ಅಷ್ಟೇ. ಸೆಫ್ಟರೋಲಿನ್‌ನಂಥ ಒಂದೆರಡು ಅಣುಗಳು ಮಾತ್ರ ಆ ಮುಷ್ಟಿ ಬಿಡಿಸುವ ಹಾಗೆ ತಯಾರಾಗಿವೆ.

ಈ ಮೆಕ್‌ಎ ಒಂಟಿಯಾಗಿ ಓಡಾಡುವುದಿಲ್ಲ. ಕತ್ತರಿಸಿ ಅಂಟಿಸಬಹುದಾದ ಡಿಎನ್‌ಎ ತುಂಡೊಂದರಲ್ಲಿ ಕೂತಿರುತ್ತದೆ. ಅದೇ ತುಂಡಿನಲ್ಲಿ ಕೆಲವೊಮ್ಮೆ ಬೇರೆ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಜೀನ್‌ಗಳೂ ಜೊತೆಗಿರುತ್ತವೆ. ನಮ್ಮ ಚರ್ಮದ ಮೇಲಿನ ನಿರುಪದ್ರವಿ ಸ್ಟಫೈಲೋಕಾಕಸ್ ಜಾತಿಗಳಲ್ಲೂ ಈ ತುಂಡು ಧಾರಾಳವಾಗಿ ಸಿಗುತ್ತದೆ.

ಇನ್ನೊಂದು ವಿಷಯ. 2017ರಲ್ಲಿ ಕಾಲಿಂಡೇಲ್‌ನಲ್ಲಿ ಒಣಗಿಸಿಟ್ಟಿದ್ದ ಹಳೆಯ ಮಾದರಿಗಳ ಜೀನೋಮ್ ಓದಿದಾಗ ಎಂಆರ್‌ಎಸ್‌ಎ 1940ರ ದಶಕದ ಮಧ್ಯದಲ್ಲೇ ಹುಟ್ಟಿತ್ತು ಎಂದು ಗೊತ್ತಾಯಿತು. ಮೆಥಿಸಿಲಿನ್ ಮಾರುಕಟ್ಟೆಗೆ ಬರುವ ಸುಮಾರು ಹದಿನಾಲ್ಕು ವರ್ಷ ಮುಂಚೆ! ಅದನ್ನು ಸಾಕಿದ್ದು ಹಳೆಯ ಪೆನಿಸಿಲಿನ್ನಿನ ಯದ್ವಾತದ್ವಾ ಬಳಕೆ. 2022ರಲ್ಲಿ ಇನ್ನೂ ವಿಚಿತ್ರದ ಸಂಗತಿ ಹೊರಬಂತು. ಯುರೋಪಿನಲ್ಲಿ ಹೆಡ್ಜ್‌ಹಾಗ್ ಎಂಬ ಮುಳ್ಳು ಮೈಯ ಪುಟ್ಟ ಪ್ರಾಣಿ ಇದೆ, ನಮ್ಮ ಮುಳ್ಳುಹಂದಿಯೇ ಬೇರೆ, ಇದೇ ಬೇರೆ. ಅದರ ಚರ್ಮದ ಮೇಲೆ ಬೆಳೆಯುವ ಒಂದು ಶಿಲೀಂಧ್ರ ಪೆನಿಸಿಲಿನ್ ಥರದ ರಸ ಬಿಡುತ್ತದೆ. ಅಲ್ಲೇ ವಾಸವಿರುವ ಸ್ಟಫೈಲೋಕಾಕಸ್ ಅದನ್ನು ತಾಳಿಕೊಳ್ಳಲು ಮೆಕ್‌ಸಿ ಎಂಬ ದಾಯಾದಿ ಜೀನ್ ಇಟ್ಟುಕೊಂಡಿದೆ. ಅಂಥ ತಳಿಗಳು 1800ರ ಆಸುಪಾಸಿನಿಂದಲೇ ಇವೆ. ಫ್ಲೆಮಿಂಗ್ ಹುಟ್ಟುವುದಕ್ಕಿಂತ ಬಹಳ ಮುಂಚಿನ ಕಾಲ ಅದು. ಪ್ರತಿರೋಧವನ್ನು ಹುಟ್ಟಿಸಿದ್ದು ನಾವಲ್ಲ. ಅದನ್ನು ಆಸ್ಪತ್ರೆಗೆ ಕರೆತಂದು ಜಾಗ ಮಾಡಿಕೊಟ್ಟಿದ್ದು ಮಾತ್ರ ನಾವೇ.

ಲ್ಯಾಬಿನಲ್ಲಿ 21 ಮಿಲಿಮೀಟರ್

ಕಲ್ಚರ್ ರಿಪೋರ್ಟ್ ಬರಲು ಎರಡು ಮೂರು ದಿನ ಯಾಕೆ ಅಂತ ಬೇಸರವಾಗುತ್ತದೆ ಅಲ್ವಾ? ಒಳಗೆ ನಡೆಯುವುದನ್ನು ನೋಡಿದರೆ ಬೇಸರ ಸ್ವಲ್ಪ ಕಡಿಮೆಯಾದೀತು. ಕೀವು ಹತ್ತಿದ ಸ್ವಾಬನ್ನು ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ ಗೀಚಿ ಇನ್‌ಕ್ಯುಬೇಟರಿನಲ್ಲಿ ಇಡುತ್ತಾರೆ. ಒಂದು ರಾತ್ರಿ ಹೋಯಿತು. ಬೆಳಿಗ್ಗೆ ನೋಡಿದರೆ ಸಾಸಿವೆಗಿಂತ ಚಿಕ್ಕ, ಕೆನೆಬಣ್ಣದ ಅಥವಾ ಹೊಂಬಣ್ಣದ ಹೊಳೆಯುವ ಚುಕ್ಕೆಗಳು. ಒಂದು ಚುಕ್ಕೆಯಿಂದ ಚೂರು ತೆಗೆದು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೇರಳೆ ಗೊಂಚಲು. ಹೈಡ್ರೋಜನ್ ಪೆರಾಕ್ಸೈಡ್ ಹನಿ ಹಾಕಿದರೆ ನೊರೆ ಬರಬೇಕು. ಮೊಲದ ಪ್ಲಾಸ್ಮಾದಲ್ಲಿ ಬೆರೆಸಿ ಇಟ್ಟರೆ ಕೆಲವು ಗಂಟೆಗಳಲ್ಲಿ ಅದು ಮೊಸರಿನ ಹಾಗೆ ಗಟ್ಟಿಯಾಗಬೇಕು. ಇಷ್ಟಾದರೆ ಅದು ಆರಿಯಸ್ ಎಂದು ಹೇಳಬಹುದು.

ಆಮೇಲೆ ಔಷಧಿಯ ಪರೀಕ್ಷೆ. ಬ್ಯಾಕ್ಟೀರಿಯಾವನ್ನು ಸಲೈನಿನಲ್ಲಿ ಕದಡಿ ಇನ್ನೊಂದು ತಟ್ಟೆಯ ತುಂಬ ಸವರುತ್ತಾರೆ. ಮೇಲೆ ಒಂದೊಂದು ಆಂಟಿಬಯಾಟಿಕ್ ಹೀರಿಸಿದ ಬಿಲ್ಲೆಗಳನ್ನು ದೂರ ದೂರ ಇಡುತ್ತಾರೆ. ಮತ್ತೊಂದು ರಾತ್ರಿ. ಔಷಧಿ ಕೆಲಸ ಮಾಡಿದ ಕಡೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬೋಳು ವೃತ್ತ ಕಾಣುತ್ತದೆ. ಅದರ ಅಗಲವನ್ನು ಸ್ಕೇಲ್ ಇಟ್ಟು ಅಳೆಯುತ್ತಾರೆ. ಎಂಆರ್‌ಎಸ್‌ಎ ಹೌದೋ ಅಲ್ಲವೋ ಎಂದು ಹೇಳುವುದು 30 ಮೈಕ್ರೋಗ್ರಾಂ ಸೆಫಾಕ್ಸಿಟಿನ್ ಬಿಲ್ಲೆ. ವೃತ್ತ 22 ಮಿಲಿಮೀಟರ್ ಅಥವಾ ಜಾಸ್ತಿ ಇದ್ದರೆ ಬಚಾವ್. 21 ಅಥವಾ ಕಡಿಮೆ ಇದ್ದರೆ ಎಂಆರ್‌ಎಸ್‌ಎ. ಹೆಸರಲ್ಲಿ ಮೆಥಿಸಿಲಿನ್ ಇದ್ದರೂ ಆ ಔಷಧಿ ಈಗ ಬಳಕೆಯಲ್ಲೇ ಇಲ್ಲ. ಮೆಕ್‌ಎಯನ್ನು ಕೆಣಕಿ ಬಯಲಿಗೆ ತರುವುದರಲ್ಲಿ ಸೆಫಾಕ್ಸಿಟಿನ್ ಚುರುಕು, ಅದಕ್ಕೇ ಅದು. ಜೀನ್‌ನ್ನೇ ನೇರವಾಗಿ ಹುಡುಕುವ ಯಂತ್ರಗಳು ದೊಡ್ಡ ಆಸ್ಪತ್ರೆಗಳಲ್ಲಿವೆ. ಅವು ಒಂದೆರಡು ಗಂಟೆಯಲ್ಲಿ ಉತ್ತರ ಹೇಳುತ್ತವೆ, ಖರ್ಚು ಮಾತ್ರ ಜಾಸ್ತಿ.

ರಿಪೋರ್ಟ್ ಬರುವವರೆಗೆ ಡಾಕ್ಟರು ಅಂದಾಜಿನ ಮೇಲೆ ಔಷಧಿ ಶುರುಮಾಡುತ್ತಾರೆ. ಕಾಯಿಲೆ ತೀವ್ರವಾಗಿದ್ದರೆ ಬೇರೆ ದಾರಿ ಇಲ್ಲ. ಆದರೆ ಆಂಟಿಬಯಾಟಿಕ್ ಚುಚ್ಚುವ ಮುಂಚೆಯೇ ರಕ್ತ, ಕೀವು ತೆಗೆದಿಟ್ಟುಕೊಂಡರೆ ಒಳ್ಳೆಯದು. ಆಮೇಲೆ ತೆಗೆದರೆ ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು, ಆಗ ಕತ್ತಲಲ್ಲೇ ತಡಕಾಡಬೇಕು.

ಬೋರ್ನಿಯೋದ ಮಣ್ಣು

ಎಂಆರ್‌ಎಸ್‌ಎ ಸೋಂಕು ಗಂಭೀರವಾಗಿದ್ದರೆ ಹೆಚ್ಚಾಗಿ ಬರೆಯುವುದು ವ್ಯಾಂಕೊಮೈಸಿನ್. 1950ರ ದಶಕದ ಆರಂಭದಲ್ಲಿ ಬೋರ್ನಿಯೋದಲ್ಲಿದ್ದ ಮಿಷನರಿಯೊಬ್ಬರು ಎಲಿ ಲಿಲ್ಲಿ ಕಂಪನಿಯ ಕೆಮಿಸ್ಟ್ ಗೆಳೆಯನಿಗೆ ಒಂದಷ್ಟು ಮಣ್ಣು ಕಳಿಸಿದ್ದರು. ಅದರಲ್ಲಿ ಸಿಕ್ಕ ಸೂಕ್ಷ್ಮಜೀವಿಯ ರಸವೇ ಇದು. ಮೊದಮೊದಲು ಎಷ್ಟು ಕಂದಾಗಿ, ಕಲ್ಮಶವಾಗಿ ಇತ್ತೆಂದರೆ ‘ಮಿಸಿಸಿಪ್ಪಿ ಕೆಸರು’ ಅಂತ ಅಡ್ಡಹೆಸರು ಬಿದ್ದಿತ್ತು. 1958ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ವ್ಯಾಂಕೊಮೈಸಿನ್ ಗಂಟು ಹಾಕುವವನ ಕೈಗೆ ಹೋಗುವುದೇ ಇಲ್ಲ. ಎಳೆಯ ತುದಿಯನ್ನೇ ಮುಚ್ಚಿಬಿಡುತ್ತದೆ. ಕೈ ಮುಷ್ಟಿಯಾಗಿದ್ದರೆಷ್ಟು, ತೆರೆದಿದ್ದರೆಷ್ಟು, ಹಿಡಿಯಲು ಎಳೆಯೇ ಸಿಗದು. ಹಾಗಂತ ಇದು ‘ಪವರ್ ಜಾಸ್ತಿ’ ಇರುವ ಔಷಧಿಯಾ? ಇಲ್ಲಿ ಎಡವುವವರು ಬಹಳ. ಮೆಥಿಸಿಲಿನ್‌ಗೆ ಬಗ್ಗುವ ಸಾಧಾರಣ ಸ್ಟಫೈಲೋಕಾಕಸ್ ರಕ್ತಕ್ಕೆ ಇಳಿದಿದ್ದರೆ, ಅಗ್ಗದ ಸೆಫಜೋಲಿನ್ ಅಥವಾ ಕ್ಲಾಕ್ಸಸಿಲಿನ್ ವ್ಯಾಂಕೊಮೈಸಿನ್‌ಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ರಿಪೋರ್ಟ್ ಬಂದ ಮೇಲೆ ಡಾಕ್ಟರು ದೊಡ್ಡ ಇಂಜೆಕ್ಷನ್ ನಿಲ್ಲಿಸಿ ಚಿಕ್ಕದಕ್ಕೆ ಬಂದರೆ ‘ಖರ್ಚು ಉಳಿಸುತ್ತಿದ್ದಾರೆ’ ಅಂತ ಗೊಣಗಬೇಡಿ. ಸರಿಯಾದ ಚಿಕಿತ್ಸೆ ಅದೇ.

ವ್ಯಾಂಕೊಮೈಸಿನ್ ಕೊಡುವುದೂ ಹಗುರದ ಕೆಲಸವಲ್ಲ. ನಿಧಾನವಾಗಿ, ಒಂದು ಗಂಟೆಯಾದರೂ ತೆಗೆದುಕೊಂಡು ಹರಿಸಬೇಕು. ಅವಸರ ಮಾಡಿದರೆ ಮುಖ, ಕತ್ತು ಕೆಂಪಾಗಿ ತುರಿಕೆ ಏಳುತ್ತದೆ. ಕಿಡ್ನಿಗೆ ಪೆಟ್ಟು ಬೀಳದಂತೆ ರಕ್ತದಲ್ಲಿ ಅದರ ಮಟ್ಟ ನೋಡುತ್ತಿರಬೇಕು. 2000ದಿಂದೀಚೆಗೆ ಲಿನೆಜೋಲಿಡ್, ಡ್ಯಾಪ್ಟೊಮೈಸಿನ್ ಬಂದವು. ಅವುಗಳಿಗೂ ತಮ್ಮದೇ ಮಿತಿಗಳಿವೆ. ಡ್ಯಾಪ್ಟೊಮೈಸಿನ್ ಶ್ವಾಸಕೋಶದೊಳಗಿನ ಜಿಡ್ಡಿಗೆ ಸಿಕ್ಕಿ ನಿಷ್ಕ್ರಿಯವಾಗುವುದರಿಂದ ನ್ಯುಮೋನಿಯಾಗೆ ಉಪಯೋಗಕ್ಕಿಲ್ಲ. ನಮ್ಮ ದೇಶದ ವೊಕಾರ್ಡ್ ಕಂಪನಿಯ ಲೆವೊನಾಡಿಫ್ಲಾಕ್ಸಸಿನ್‌ಗೆ 2020ರಲ್ಲಿ ಇಲ್ಲಿ ಅನುಮತಿ ಸಿಕ್ಕಿದೆ, ಅದೂ ಎಂಆರ್‌ಎಸ್‌ಎ ಮೇಲೆ ಕೆಲಸ ಮಾಡುತ್ತದೆ.

ವ್ಯಾಂಕೊಮೈಸಿನ್‌ಗೂ ಪಟ್ಟು ಸಿಕ್ಕಿದೆ. 1996ರಲ್ಲಿ ಜಪಾನಿನಲ್ಲಿ ಸಿಕ್ಕ ತಳಿಯೊಂದು ಗೋಡೆಯನ್ನೇ ದಪ್ಪ ಮಾಡಿಕೊಂಡು ಔಷಧಿಯನ್ನು ಹೊರಗಿನ ಪದರಗಳಲ್ಲೇ ತಡೆಹಿಡಿಯುತ್ತಿತ್ತು. 2002ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಡಯಾಲಿಸಿಸ್ ರೋಗಿಯೊಬ್ಬರಲ್ಲಿ ಪೂರ್ತಿ ಬಗ್ಗದ ತಳಿ ಸಿಕ್ಕಿತು. ಕರುಳಿನ ಇನ್ನೊಂದು ಬ್ಯಾಕ್ಟೀರಿಯಾ ಎಂಟರೋಕಾಕಸ್‌ನಿಂದ ವ್ಯಾನ್‌ಎ ಎಂಬ ಜೀನ್ ಎರವಲು ಪಡೆದು, ಎಳೆಯ ತುದಿಯನ್ನೇ ಅದು ಬದಲಿಸಿಕೊಂಡಿತ್ತು. ಪುಣ್ಯಕ್ಕೆ ಅಂಥವು ಈಗಲೂ ಬಹಳ ಅಪರೂಪ.

ಗಡಿಯಾರ ಬಿಚ್ಚಿಸಿದ ಬ್ರಿಟನ್

ಇಷ್ಟೆಲ್ಲ ಜೀನ್, ಅಣುಗಳ ವಿಷಯ. ಆದರೆ ಒಬ್ಬ ರೋಗಿಯ ಗಾಯದಿಂದ ಇನ್ನೊಬ್ಬರ ಗಾಯಕ್ಕೆ ಎಂಆರ್‌ಎಸ್‌ಎ ಹೋಗುವುದು ಬಹುಪಾಲು ಕೈಗಳ ಮೂಲಕ. ನರ್ಸ್ ಒಬ್ಬರ ಡ್ರೆಸ್ಸಿಂಗ್ ಬಿಚ್ಚುತ್ತಾರೆ. ಪಕ್ಕದ ಮಂಚದ ಡ್ರಿಪ್ ನಿಂತಿದೆ ಅಂತ ಯಾರೋ ಕೂಗುತ್ತಾರೆ. ಓಡಿ ಹೋಗಿ ಸರಿಮಾಡುತ್ತಾರೆ. ಅಷ್ಟು ಸಾಕು. ಗ್ಲೌಸ್ ಹಾಕಿದ್ದರೂ, ಬದಲಿಸದಿದ್ದರೆ ಪ್ರಯೋಜನವಿಲ್ಲ. ಮಂಚದ ಕಂಬಿ, ಬಿಪಿ ಪಟ್ಟಿ, ಸ್ಟೆತಸ್ಕೋಪಿನ ಬಿಲ್ಲೆಯ ಮೇಲೂ ಇದು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಕ್ಯಾಥೆಟರ್, ಕೃತಕ ಮಂಡಿಯಂಥ ವಸ್ತುಗಳ ಮೇಲೆ ಲೋಳೆಯ ಪದರ ಕಟ್ಟಿಕೊಂಡು ಕೂತರಂತೂ ಸರಿಯಾದ ಔಷಧಿಯೂ ಒಳಗೆ ಮುಟ್ಟುವುದು ಕಷ್ಟ. ಆಗ ಎಷ್ಟೋ ಸಲ ಆ ವಸ್ತುವನ್ನೇ ತೆಗೆಯಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ 2003–04ರಲ್ಲಿ ಎಂಆರ್‌ಎಸ್‌ಎ ರಕ್ತದ ಸೋಂಕಿನ ಪ್ರಕರಣಗಳು ಸುಮಾರು 7,700. 2004ರಲ್ಲಿ ಸರ್ಕಾರ ಇದನ್ನು 2008ರೊಳಗೆ ಅರ್ಧಕ್ಕೆ ಇಳಿಸಬೇಕೆಂದು ಗುರಿ ಹಾಕಿತು. ಮಂಚ ಮಂಚದ ಪಕ್ಕ ಕೈಗೆ ಉಜ್ಜುವ ಆಲ್ಕೋಹಾಲ್ ದ್ರಾವಣ ಬಂತು. ಡ್ರಿಪ್ ಸೂಜಿ, ಕ್ಯಾಥೆಟರ್ ಹಾಕುವುದಕ್ಕೂ ತೆಗೆಯುವುದಕ್ಕೂ ಪಟ್ಟಿ ಬಂತು. ಡಾಕ್ಟರುಗಳು ತುಂಬುತೋಳು, ಟೈ, ಕೈಗಡಿಯಾರ ಬಿಡಬೇಕಾಯಿತು. ಮೊಣಕೈ ಕೆಳಗೆ ಏನೂ ಇರಕೂಡದು. ಆಸ್ಪತ್ರೆ ಆಸ್ಪತ್ರೆಯ ಲೆಕ್ಕ ಜನರ ಮುಂದೆ ಬಂತು. ನನ್ನ ಪ್ರಕಾರ ಎಲ್ಲಕ್ಕಿಂತ ಚುರುಕು ಮುಟ್ಟಿಸಿದ್ದು ಇದೇ. 2008–09ರ ಹೊತ್ತಿಗೆ ಪ್ರಕರಣಗಳು 3,000ದ ಒಳಗೆ ಇಳಿದವು, ಆಮೇಲೂ ಇಳಿಯುತ್ತಾ ಹೋದವು. ಇದರಲ್ಲಿ ಯಾವ ಕ್ರಮದ ಪಾಲು ಎಷ್ಟು ಎಂದು ಪಂಡಿತರು ಇನ್ನೂ ಜಗಳಾಡುತ್ತಾರೆ. ಹೊಸ ಆಂಟಿಬಯಾಟಿಕ್ಕಿನಿಂದ ಇಳಿದದ್ದು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನೆದರ್‌ಲೆಂಡ್ಸ್ ಇನ್ನೂ ಕಟ್ಟುನಿಟ್ಟು. ಬೇರೆ ದೇಶದ ಆಸ್ಪತ್ರೆಯಲ್ಲಿದ್ದು ಬಂದವರನ್ನು, ಹಂದಿ ಸಾಕುವವರನ್ನು ಆಸ್ಪತ್ರೆಗೆ ಸೇರಿಸುವಾಗ ಮೂಗಿನ ಪರೀಕ್ಷೆ ಮುಗಿಯುವವರೆಗೆ ಪ್ರತ್ಯೇಕ ಕೋಣೆಯಲ್ಲಿಡುತ್ತಾರೆ. ಅಲ್ಲಿ ರಕ್ತದ ಸೋಂಕಿಗೆ ಕಾರಣವಾಗುವ ಆರಿಯಸ್‌ನಲ್ಲಿ ಎಂಆರ್‌ಎಸ್‌ಎ ಪಾಲು ಶೇ. 1–2ರ ಆಸುಪಾಸು. ಅಮೆರಿಕದ 43 ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐಸಿಯುವಿನ ಪ್ರತಿಯೊಬ್ಬರಿಗೂ ದಿನಾ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಹೀರಿಸಿದ ಬಟ್ಟೆಯಿಂದ ಮೈ ಒರೆಸಿ, ಮೂಗಿಗೆ ಐದು ದಿನ ಮ್ಯುಪಿರೊಸಿನ್ ಮುಲಾಮು ಹಚ್ಚಿದರು. ಎಲ್ಲ ಬಗೆಯ ರಕ್ತದ ಸೋಂಕೂ ಸೇರಿ ಶೇ. 44 ಇಳಿಯಿತು.

ನಮ್ಮಲ್ಲಿ? 2008–09ರಲ್ಲಿ ದೇಶದ 15 ದೊಡ್ಡ ಆಸ್ಪತ್ರೆಗಳ 26,310 ಆರಿಯಸ್ ಮಾದರಿಗಳನ್ನು ನೋಡಿದಾಗ ಶೇ. 41 ಎಂಆರ್‌ಎಸ್‌ಎ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜಾಲದ ಆಸ್ಪತ್ರೆಗಳಲ್ಲಿ 2016ರಲ್ಲಿ ಶೇ. 28.4 ಇದ್ದದ್ದು 2021ಕ್ಕೆ ಶೇ. 42.6ಕ್ಕೆ ಏರಿದೆ. ಎರಡೂ ಬೇರೆ ಬೇರೆ ಆಸ್ಪತ್ರೆಗಳ ಲೆಕ್ಕ, ಒಂದರ ಪಕ್ಕ ಒಂದಿಟ್ಟು ತೂಗಬಾರದು. ಆದರೂ ನೆದರ್‌ಲೆಂಡ್ಸ್ ಎಲ್ಲಿ, ನಾವೆಲ್ಲಿ! ನಮ್ಮ ವಾರ್ಡುಗಳಲ್ಲಿ ಓಡಾಡುವ ತಳಿಗಳೂ ಬದಲಾಗಿವೆ. ಎಸ್‌ಟಿ772 ಎಂಬ ಭಾರತ ಉಪಖಂಡದಲ್ಲೇ ಹುಟ್ಟಿದ ತಳಿ ಆಸ್ಪತ್ರೆಯ ಹೊರಗೆ, ಆರೋಗ್ಯವಂತರಲ್ಲೂ ಸಿಗುತ್ತದೆ. ‘ಬಂಗಾಳ ಕೊಲ್ಲಿ ತಳಿ’ ಎಂದೇ ಅದಕ್ಕೆ ಹೆಸರು.

ಔಷಧಿ ಅಂಗಡಿಗಳ ಮಟ್ಟಿಗೆ 2014ರ ಮಾರ್ಚ್‌ನಿಂದ ಎಚ್1 ನಿಯಮ ಇದೆ. ಪಟ್ಟಿಯಲ್ಲಿರುವ ಆಂಟಿಬಯಾಟಿಕ್ ಮಾರಿದರೆ ಚೀಟಿ ಬರೆದ ಡಾಕ್ಟರ್, ರೋಗಿಯ ಹೆಸರು ಬೇರೆ ಪುಸ್ತಕದಲ್ಲಿ ಬರೆದಿಡಬೇಕು. ನೆಗಡಿಗೆ ಎರಡು ಗುಳಿಗೆ ಕೇಳಿ ತಂದವರಿಗೆ ಇದು ಎಷ್ಟು ನಡೆಯುತ್ತಿದೆ ಅಂತ ನಾನು ಹೇಳಬೇಕಿಲ್ಲ. ಆದರೆ ಎಂಆರ್‌ಎಸ್‌ಎ ವಿಷಯದಲ್ಲಿ ಅಂಗಡಿಯವನ ಮೇಲಷ್ಟೇ ಗೂಬೆ ಕೂರಿಸುವುದು ಸರಿಯಲ್ಲ. ಮೂವತ್ತು ಮಂಚಕ್ಕೆ ಇಬ್ಬರು ನರ್ಸ್, ಒಂದೇ ಸಿಂಕು, ಅದರಲ್ಲೂ ನೀರು ಬರುವುದು ಅಪರೂಪ ಅಂದರೆ ಯಾವ ನಿಯಮ ಏನು ಮಾಡೀತು? ಬಾರ್ಬರ್ ಹೇಳಿದ್ದರಲ್ಲಿ ಅರ್ಧ ಔಷಧಿಯದು, ಇನ್ನರ್ಧ ಈ ಸಿಂಕಿನದು.

ರೋಗಿಯ ಜೊತೆ ಇರುವವರು ಮಾಡಬಹುದಾದದ್ದೂ ಇದೆ. ಕೈಗೆ ಹಾಕಿದ ಸೂಜಿ, ಮೂತ್ರದ ಪೈಪು ಇನ್ನೂ ಬೇಕೇ ಎಂದು ದಿನಾ ಕೇಳಿ. ಬೇಡವಾದ ಕೊಳವೆ ಒಂದು ದಿನ ಜಾಸ್ತಿ ಇದ್ದಷ್ಟೂ ಅಪಾಯ. ನೋಡಲು ಬಂದ ನೆಂಟರು ಮಂಚದ ಮೇಲೆ ಕೂರುವುದು, ಡ್ರೆಸ್ಸಿಂಗ್ ಎತ್ತಿ ಗಾಯ ನೋಡುವುದು ಬೇಡ. ‘ಕೈ ತೊಳೆದ್ರಾ ಸಿಸ್ಟರ್?’ ಅಂತ ಕೇಳಲು ಮುಜುಗರವೇ, ಒಪ್ಪುತ್ತೇನೆ. ನಗುತ್ತಾ ಕೇಳಿದರೆ ಬಹಳ ಜನ ಬೇಸರ ಮಾಡಿಕೊಳ್ಳುವುದಿಲ್ಲ.

ಮನೆಗೆ ಬಂದ ಮೇಲೆ ಮೂಗಲ್ಲೋ ಚರ್ಮದಲ್ಲೋ ಎಂಆರ್‌ಎಸ್‌ಎ ಉಳಿದಿದ್ದರೆ ಗಾಬರಿ ಬೇಡ. ಸೋಂಕಿನ ಲಕ್ಷಣ ಇಲ್ಲದಿದ್ದರೆ ಅದಕ್ಕೆಂದೇ ಆಂಟಿಬಯಾಟಿಕ್ ಗುಳಿಗೆ ನುಂಗುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ. ಗಾಯ ಇದ್ದರೆ ಮುಚ್ಚಿಡಿ. ಟವೆಲ್, ರೇಜರ್ ಬೇರೆ ಇರಲಿ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಎಲ್ಲರ ಜೊತೆ ಕೂತು ಉಣ್ಣಬಹುದು, ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ. ಮುಂದೆ ಯಾವತ್ತಾದರೂ ಆಪರೇಷನ್‌ಗೆ ಅಡ್ಮಿಟ್ ಆಗಬೇಕಾದರೆ ಮಾತ್ರ, ಹಿಂದೆ ಎಂಆರ್‌ಎಸ್‌ಎ ಬಂದಿತ್ತು ಅಂತ ಮೊದಲ ದಿನವೇ ಹೇಳಿಬಿಡಿ. ಕೊಯ್ಯುವ ಮುಂಚೆ ಕೊಡುವ ಇಂಜೆಕ್ಷನ್ ಆಗ ಬದಲಾಗಬಹುದು. ವ್ಯಾಂಕೊಮೈಸಿನ್ ಕೊಡಬೇಕೆಂದರೆ ಅದನ್ನು ನಿಧಾನಕ್ಕೆ ಹರಿಸಲು ಒಂದು ಗಂಟೆಯಾದರೂ ಬೇಕು. ಥಿಯೇಟರ್ ಬಾಗಿಲಲ್ಲಿ ನಿಂತು ಹೇಳಿದರೆ ಹೊತ್ತು ಸಾಲುವುದಿಲ್ಲ.